ಹಳೆ ಜೀಪಿನ ಮುಂಚಕ್ರದ ಬೇರಿಂಗ್: ಬಿಚ್ಚುವುದರಿಂದ ನಟ್ಟು ಕೂರಿಸುವವರೆಗೆ

"ಸರ್ವಿಸ್ ಮಾಡಿಸಿದ್ದೆ, ಗ್ರೀಸೂ ಹೊಡೆಸಿದ್ದೆ, ಆದರೂ ಬೇರಿಂಗ್ ಹೋಯ್ತು." ಹಳೆ ಮಹೀಂದ್ರಾ ಜೀಪ್ ಇಟ್ಟುಕೊಂಡವರ ಬಾಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಸರ್ವಿಸ್ ಸ್ಟೇಷನ್‌ನಲ್ಲಿ ಗನ್ ಹಿಡಿದು ಹೊಡೆಯುವ ಗ್ರೀಸ್ ನಿಪ್ಪಲ್ (ಗ್ರೀಸ್ ಒಳಗೆ ತಳ್ಳುವ ಪುಟ್ಟ ಮೂತಿ) ಇರುವ ಜಾಗಕ್ಕೆ ಮಾತ್ರ ಹೋಗುತ್ತದೆ: ಸ್ಪ್ರಿಂಗ್ ಶ್ಯಾಕಲ್, ಟೈ ರಾಡ್ ತುದಿ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್. ಮುಂಚಕ್ರದ ಹಬ್‌ಗೆ, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗಕ್ಕೆ, ನಿಪ್ಪಲ್ ಇಲ್ಲ. ಅದಕ್ಕೆ ಗ್ರೀಸ್ ಹಾಕಬೇಕಾದರೆ ಹಬ್ ಬಿಚ್ಚಲೇಬೇಕು, ಬೇರೆ ದಾರಿಯಿಲ್ಲ.

ಬಿಚ್ಚಿ ಗ್ರೀಸ್ ಹಾಕಿದ ಮೇಲೂ ಬೇರಿಂಗ್ ಕೆಟ್ಟಿತೆಂದರೆ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಹಳೆ ಗ್ರೀಸನ್ನು ಪೂರ್ತಿ ತೊಳೆಯದೆ ಮೇಲೆ ಹೊಸದನ್ನು ಮೆತ್ತಿರುತ್ತಾರೆ, ಇಲ್ಲವೇ ನಟ್ಟನ್ನು ಬಲವಾಗಿ ಬಿಗಿದಿರುತ್ತಾರೆ. ಹಾಗಾಗಿ ಕೆಳಗಿನ ಹಂತಗಳಲ್ಲಿ ತೊಳೆಯುವುದಕ್ಕೂ ನಟ್ಟು ಕೂರಿಸುವುದಕ್ಕೂ ಹೆಚ್ಚು ಜಾಗ ಕೊಟ್ಟಿದ್ದೇನೆ.

## ಯಾವ ಗಾಡಿಗೆ ಅನ್ವಯ, ಯಾವುದಕ್ಕೆ ಅಲ್ಲ

ಇಲ್ಲಿ ಹೇಳುವುದು ಅಮೆರಿಕದ ವಿಲ್ಲಿಸ್ ಕಂಪನಿಯ ವಿನ್ಯಾಸದಿಂದ ಬಂದ ಫೋರ್ ವೀಲ್ ಜೀಪುಗಳ ಮುಂಚಕ್ರದ ಬಗ್ಗೆ. ಈ ಹಬ್‌ನಲ್ಲಿ ಒಳಗೊಂದು ಹೊರಗೊಂದು ಟೇಪರ್ ರೋಲರ್ ಬೇರಿಂಗ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಇರುವ ರೋಲರುಗಳ ಬೇರಿಂಗ್), ಹಿಂದೆ ಆಯಿಲ್ ಸೀಲ್, ಮುಂದೆ ಎರಡು ದೊಡ್ಡ ನಟ್ಟು, ಅವುಗಳ ನಡುವೆ ಲಾಕ್ ವಾಷರ್ ಇರುತ್ತವೆ. ಟೇಪರ್ ರೋಲರ್ ಬೇರಿಂಗ್ ಇದ್ದು, ಒಂದೇ ನಟ್ಟು ಮತ್ತು ಸ್ಪ್ಲಿಟ್ ಪಿನ್ನಿನ ಹಬ್ ಇರುವ ಹಳೆ ಕಾರುಗಳಿಗೂ ಬಹುಪಾಲು ಇದೇ ಕ್ರಮ. ಅಲ್ಲಿ ನಟ್ಟಿನ ಕೆಲಸ ಮಾತ್ರ ಸ್ವಲ್ಪ ಬೇರೆ, ಅದನ್ನು ಹಂತ 7ರಲ್ಲಿ ಹೇಳಿದ್ದೇನೆ.

ಮಾರುತಿ 800ರ ಮುಂಚಕ್ರಕ್ಕೆ ಈ ವಿಧಾನ ದಯವಿಟ್ಟು ಬಳಸಬೇಡಿ. ಅಲ್ಲಿರುವುದು ಪ್ರೆಸ್ ಮಾಡಿ ಕೂರಿಸಿದ ಬಾಲ್ ಬೇರಿಂಗ್. ಆ ನಟ್ಟನ್ನು ಕಂಪನಿ ಹೇಳಿದ ಪೂರ್ತಿ ಟಾರ್ಕ್‌ಗೆ ಬಿಗಿಯಬೇಕು. ಜೀಪಿನ ಹಾಗೆ ಹಿಂದಕ್ಕೆ ಸಡಿಲಿಸಿ ಬಿಟ್ಟರೆ ಅಪಾಯ. ಜೀಪಿನ ಹಿಂಚಕ್ರದ ರಚನೆಯೂ ಬೇರೆ, ಅದಕ್ಕೆ ಪುಲ್ಲರ್ ಮತ್ತು ಶಿಮ್ (ಅಂತರ ಸರಿಪಡಿಸುವ ತೆಳು ಬಿಲ್ಲೆ) ಲೆಕ್ಕ ಬೇಕು. ಅದನ್ನು ಇದರೊಂದಿಗೆ ಬೆರೆಸುವುದಿಲ್ಲ.

## ಎಚ್ಚರಿಕೆಯ ಗುರುತುಗಳು

ವೇಗ ಹೆಚ್ಚಿದಂತೆ ಹೆಚ್ಚುವ ಗುಂಯ್‌ಗುಟ್ಟುವ ಸದ್ದು ಮೊದಲ ಗುರುತು. ಸ್ಟೀರಿಂಗನ್ನು ಒಂದು ಬದಿಗೆ ತಿರುಗಿಸಿದಾಗ ಅದು ಏರಿ, ಇನ್ನೊಂದು ಬದಿಗೆ ತಿರುಗಿಸಿದಾಗ ಇಳಿದರೆ ಬೇರಿಂಗ್ ಮೇಲೆ ಅನುಮಾನ ಗಟ್ಟಿ. ಬಲಕ್ಕೆ ತಿರುಗುವಾಗ ಭಾರ ಎಡಚಕ್ರಕ್ಕೆ ಬೀಳುವುದರಿಂದ, ಆಗ ಸದ್ದು ಹೆಚ್ಚಾದರೆ ಮೊದಲು ಎಡಗಡೆ ನೋಡಿ. ಬಟನ್ ಟೈರ್ ಹಾಕಿದ ಗಾಡಿಯಲ್ಲಿ ಟೈರಿನದೇ ಸದ್ದು ದೊಡ್ಡದಿರುತ್ತದೆ. ಅದು ತಿರುವಿನಲ್ಲಿ ಅಷ್ಟಾಗಿ ಬದಲಾಗುವುದಿಲ್ಲ.

ಎರಡನೆಯದು ಅಲುಗಾಟ. ಚಕ್ರವನ್ನು ಜಾಕ್ ಮೇಲೆತ್ತಿ, ಮೇಲೊಂದು ಕೆಳಗೊಂದು ಕೈ ಹಿಡಿದು ಒಳಹೊರಗೆ ಅಲುಗಿಸಿ. 'ಟಕ್ ಟಕ್' ಎಂದರೆ ತಕ್ಷಣ ಬೇರಿಂಗ್ ಎಂದು ತೀರ್ಮಾನಿಸಬೇಡಿ. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯಲಿ, ಆಗ ಮತ್ತೆ ಅಲುಗಿಸಿ. ಅಲುಗಾಟ ಮಾಯವಾದರೆ ಚಕ್ರದ ಬೇರಿಂಗ್ ಸಡಿಲ. ಬ್ರೇಕ್ ಒತ್ತಿದರೂ ಹಾಗೇ ಇದ್ದರೆ ತೊಂದರೆ ಕಿಂಗ್ ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು) ಬೇರಿಂಗ್‌ನಲ್ಲಿದೆ, ಹಬ್ ಬಿಚ್ಚಿ ಪ್ರಯೋಜನವಿಲ್ಲ. ಈ ಒಂದು ಪರೀಕ್ಷೆ ಮಾಡದೆ ಒಳ್ಳೆ ಬೇರಿಂಗ್ ಎಸೆದು ಹೊಸದು ಹಾಕಿಸಿಕೊಂಡವರು ಬಹಳ ಜನ.

ಚಕ್ರದ ಒಳಮೈಯಲ್ಲಿ ಗ್ರೀಸ್ ಚಿಮ್ಮಿದ ಗೆರೆಗಳು, ಒಂದೇ ಬದಿಗೆ ಎಳೆಯುವ ಬ್ರೇಕ್, ಓಡಿಸಿ ನಿಲ್ಲಿಸಿದಾಗ ಒಂದು ಹಬ್ ಮಾತ್ರ ಹೆಚ್ಚು ಬಿಸಿ, ಇವು ಉಳಿದ ಗುರುತುಗಳು. ಯಾವುದೂ ಕಾಣಿಸದಿದ್ದರೂ 20,000 ಕಿ.ಮೀ.ಗೆ ಅಥವಾ ಎರಡು ವರ್ಷಕ್ಕೊಮ್ಮೆ ಬಿಚ್ಚುವುದು ಒಳ್ಳೆಯದು. ಹಬ್ ಮುಳುಗುವಷ್ಟು ನೀರಿನಲ್ಲಿ ಹಳ್ಳ ದಾಟಿದ ಗಾಡಿಯಾದರೆ ಆ ಮಳೆಗಾಲ ಮುಗಿದ ಕೂಡಲೇ ಬಿಚ್ಚಿ. ಬಿಸಿ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲ್ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹೊರಗಿನಿಂದ ಏನೂ ತಿಳಿಯುವುದಿಲ್ಲ, ಒಳಗೆ ಮಾತ್ರ ರೋಲರ್ ತುಕ್ಕು ಹಿಡಿಯುತ್ತಿರುತ್ತದೆ.

## ಮೊದಲೇ ಕೂಡಿಸಿಕೊಳ್ಳಬೇಕಾದದ್ದು

ಜಾಕ್, ಭಾರ ಹೊರುವ ಆಕ್ಸಲ್ ಸ್ಟ್ಯಾಂಡ್, ಚಕ್ರಗಳಿಗೆ ಅಡ್ಡ ಕೊಡಲು ಮರದ ದಿಮ್ಮಿ. ಹಬ್ ನಟ್ಟಿಗೆ ಕೊಳವೆಯಂಥ ದೊಡ್ಡ ಬಾಕ್ಸ್ ಸ್ಪ್ಯಾನರ್ ಬೇಕು. ನಟ್ಟಿನ ಅಳತೆ 2 ಇಂಚಿಗಿಂತ ತುಸು ದೊಡ್ಡದು, ನಿಮ್ಮ ಗಾಡಿಯದನ್ನು ಅಳೆದೇ ಕೊಳ್ಳಿ. ಉಳಿ ಸುತ್ತಿಗೆಯಲ್ಲಿ ನಟ್ಟು ತಿರುಗಿಸುವ ಅಭ್ಯಾಸ ಇನ್ನೂ ಹಲವು ಗ್ಯಾರೇಜುಗಳಲ್ಲಿದೆ. ಅದರಿಂದ ನಟ್ಟಿನ ಮೂಲೆ ಹಾರಿ, ಲೋಹದ ಚೂರು ಹೊರ ಬೇರಿಂಗ್ ಒಳಗೇ ಬೀಳುತ್ತದೆ. ನಿಮ್ಮ ಗಾಡಿಗೆ ಹಾಗೆ ಮಾಡಲು ಬಿಡಬೇಡಿ.

ಇವಲ್ಲದೆ ಸರ್ಕ್ಲಿಪ್ (ತೋಡಿನಲ್ಲಿ ಕೂರುವ ಬಾಯ್ದೆರೆದ ಬಳೆ) ತೆಗೆಯುವ ಪ್ಲೈಯರ್, ಹಿತ್ತಾಳೆ ಅಥವಾ ಮೆದು ಕಬ್ಬಿಣದ ಸರಳು, ಬ್ರಷ್ಷು, ಎರಡು ಡಬ್ಬಿ, ಸೀಮೆಎಣ್ಣೆ ಅಥವಾ ಡೀಸೆಲ್, ನೂಲು ಬಿಡದ ಹತ್ತಿ ಬಟ್ಟೆ. ಕಾಟನ್ ವೇಸ್ಟ್ ಕೈ ಒರೆಸಲು ಸರಿ, ಬೇರಿಂಗ್ ಒರೆಸಲು ಬೇಡ, ಅದರ ಎಳೆ ರೋಲರ್ ನಡುವೆ ಸಿಕ್ಕಿಕೊಳ್ಳುತ್ತದೆ.

ಹೊಸದಾಗಿ ತರಬೇಕಾದವು: ಆಯಿಲ್ ಸೀಲ್, ಲಾಕ್ ವಾಷರ್, ಫ್ಲ್ಯಾಂಜಿನ (ಹಬ್ ಮುಂದೆ ಆರು ಬೋಲ್ಟಿನಲ್ಲಿ ಕೂರುವ ಲೋಹದ ಬಿಲ್ಲೆ) ಪೇಪರ್ ಪ್ಯಾಕಿಂಗ್. ಮೂರೂ ಸೇರಿದರೂ ಒಂದು ಬೇರಿಂಗಿನ ಬೆಲೆ ಆಗುವುದಿಲ್ಲ. ಹಳೆಯದನ್ನೇ ಮತ್ತೆ ಹಾಕುವ ಉಳಿತಾಯ ಬೇಡ.

ಗ್ರೀಸಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಸಾಧಾರಣ ಚಾಸಿ ಗ್ರೀಸ್ ಕ್ಯಾಲ್ಸಿಯಂ ಸೋಪಿನದು (ಸೋಪು ಎಂದರೆ ಎಣ್ಣೆಯನ್ನು ಗಟ್ಟಿ ಮಾಡಿ ಗ್ರೀಸ್ ಆಗಿಸುವ ವಸ್ತು). ನೀರನ್ನು ಚೆನ್ನಾಗಿ ತಡೆಯುತ್ತದೆ, ಆದರೆ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಕರಗಿ ಹರಿಯುತ್ತದೆ. ಘಟ್ಟ ಇಳಿಯುವಾಗ ಬ್ರೇಕ್ ಡ್ರಮ್ಮಿನ ಬಿಸಿ ಹಬ್‌ಗೂ ಬರುತ್ತದೆ, ಅಲ್ಲಿ ಅದು ನಿಲ್ಲುವುದಿಲ್ಲ. ಲಿಥಿಯಂ ಸೋಪಿನ ಗ್ರೀಸ್ ಸುಮಾರು 180 ಡಿಗ್ರಿವರೆಗೆ ಕರಗುವುದಿಲ್ಲ, ಲಿಥಿಯಂ ಕಾಂಪ್ಲೆಕ್ಸ್ ಅದಕ್ಕಿಂತಲೂ ಹೆಚ್ಚು ಬಿಸಿ ತಾಳುತ್ತದೆ. ಅಂಗಡಿಯಲ್ಲಿ ಎಪಿ-3 ಎಂದು ಕೇಳಿದರೆ ಸಿಗುವುದು ಲಿಥಿಯಂ ಗ್ರೀಸ್, ಸಾಧಾರಣ ಓಡಾಟಕ್ಕೆ ಅದು ಸಾಕು. ಘಟ್ಟದಲ್ಲಿ ದಿನವೂ ಭಾರ ಹೊರುವ ಗಾಡಿಗೆ ಲಿಥಿಯಂ ಕಾಂಪ್ಲೆಕ್ಸ್ ಹಾಕಿ. ಡಬ್ಬಿಯ ಮೇಲೆ 'ವೀಲ್ ಬೇರಿಂಗ್' ಎಂದು ಬರೆದಿದೆಯೇ ನೋಡಿ. ಎರಡು ಜಾತಿಯ ಗ್ರೀಸ್ ಬೆರೆಸಬೇಡಿ. ಸೋಪು ಬೇರೆಬೇರೆಯಾದರೆ ಕೆಲವು ಜೋಡಿಗಳು ಒಂದನ್ನೊಂದು ಒಡೆದು ನೀರಾಗುತ್ತವೆ.

## ಹಂತ 1: ಗಾಡಿ ಎತ್ತುವುದು

ಸಮತಟ್ಟಾದ ಗಟ್ಟಿ ನೆಲ ಬೇಕು. ಹಿಂಚಕ್ರಕ್ಕೆ ಎರಡೂ ಕಡೆ ದಿಮ್ಮಿ ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಿ. ಹಳೆ ವಿಲ್ಲಿಸ್ ಮಾದರಿಯ ಗಾಡಿಗಳಲ್ಲಿ ಎಡಗಡೆ ಚಕ್ರದ ಸ್ಟಡ್ಡುಗಳಿಗೆ ಉಲ್ಟಾ ಮರೆ (ಎಡಕ್ಕೆ ಬಿಗಿದು ಬಲಕ್ಕೆ ಬಿಚ್ಚುವ ತಿರುಪು) ಇರುವುದುಂಟು. ತಿರುಗದಿದ್ದರೆ ಪೈಪ್ ಹಾಕಿ ಬಲ ಕೊಡುವ ಮೊದಲು ಸ್ಟಡ್ಡಿನ ತುದಿಯ ಗುರುತು ನೋಡಿ.

ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟ ಮೇಲಷ್ಟೇ ಚಕ್ರ ತೆಗೆಯಿರಿ. ಜಾಕ್ ಒಂದನ್ನೇ ನಂಬಿ, ಅಥವಾ ಇಟ್ಟಿಗೆ ಜೋಡಿಸಿ ಕೆಲಸ ಮಾಡಬಾರದು. ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ.

## ಹಂತ 2: ಫ್ಲ್ಯಾಂಜ್, ನಟ್ಟು, ಡ್ರಮ್

ಮೊದಲು ಹಬ್ ಮೇಲಿನ ಚಿಕ್ಕ ಮುಚ್ಚಳ ಎಬ್ಬಿಸಿ, ಆಕ್ಸಲ್ ತುದಿಯ ಸರ್ಕ್ಲಿಪ್ ತೆಗೆಯಿರಿ. ನಂತರ ಫ್ಲ್ಯಾಂಜಿನ ಆರು ಬೋಲ್ಟು. ಫ್ಲ್ಯಾಂಜ್ ಅಂಟಿಕೊಂಡಿದ್ದರೆ ಪುಲ್ಲರ್ ಹಾಕಿ, ಅಥವಾ ಅಂಚಿಗೆ ಸುತ್ತಲೂ ಮೆಲ್ಲಗೆ ತಟ್ಟಿ. ಸಂದಿಗೆ ಉಳಿ ತೂರಿಸಿದರೆ ಮುಖ ಗಾಯವಾಗಿ ಮುಂದೆ ಅಲ್ಲಿಂದಲೇ ನೀರು ಇಳಿಯುತ್ತದೆ. ಹಿಂದೆ ತೆಳು ಶಿಮ್ ಇದ್ದರೆ ಎಣಿಸಿ, ಆ ಬದಿಯದು ಆ ಬದಿಗೇ ಎಂದು ಎತ್ತಿಡಿ.

ಈಗ ಹೊರ ನಟ್ಟು ಕಾಣುತ್ತದೆ. ಲಾಕ್ ವಾಷರಿನ ಮಡಚಿದ ಅಂಚನ್ನು ನೆಟ್ಟಗೆ ಮಾಡಿ. ಹೊರ ನಟ್ಟು, ವಾಷರ್, ಒಳ ನಟ್ಟು, ಇದೇ ಕ್ರಮದಲ್ಲಿ ತೆಗೆಯಿರಿ. ಡ್ರಮ್ಮನ್ನು ಎರಡು ಕೈಯಲ್ಲಿ ಹಿಡಿದು ತುಸು ಅಲುಗಿಸಿದರೆ ಹೊರ ಬೇರಿಂಗ್ ಮುಂದೆ ಬರುತ್ತದೆ. ಅದು ಮಣ್ಣಿಗೆ ಬೀಳದಂತೆ ಕೈ ಕೊಡಿ. ಡ್ರಮ್ ಬರದಿದ್ದರೆ ಬ್ಯಾಕ್ ಪ್ಲೇಟಿನ ಹಿಂದಿನ ಅಡ್ಜಸ್ಟರ್ ತಿರುಗಿಸಿ ಬ್ರೇಕ್ ಶೂ ಒಳಗೆ ತನ್ನಿ. ಡಿಸ್ಕ್ ಬ್ರೇಕ್ ಗಾಡಿಯಾದರೆ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ತೂಗು ಹಾಕಿ, ಹೋಸ್ ಮೇಲೆ ಭಾರ ಬೀಳಬಾರದು.

ಡ್ರಮ್ಮಿನ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಬೇಡಿ. ಹಳೆ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಬಿಸಾಡಿ.

## ಹಂತ 3: ಹಳೆ ಗ್ರೀಸ್ ಏನು ಹೇಳುತ್ತದೆ

ತೊಳೆಯುವ ಮೊದಲು ಒಂದು ಬೆರಳು ಗ್ರೀಸ್ ತೆಗೆದು ಬಿಸಿಲಲ್ಲಿ ಹಿಡಿದು ನೋಡಿ. ಕಪ್ಪಾಗಿದ್ದರೂ ಅಂಟಿದ್ದರೆ ಬರೀ ಹಳತಾಗಿದೆ. ಹಾಲು ಬಿದ್ದಂತೆ ಬಿಳಿಚಿದ್ದರೆ ನೀರು ಸೇರಿದೆ. ಮಿನುಗುವ ಪುಡಿ ಕಂಡರೆ ರೋಲರ್ ಅಥವಾ ಕಪ್ (ಹಬ್ ಒಳಗೆ ಕೂರಿಸಿದ, ರೋಲರುಗಳು ಉರುಳುವ ಹೊರಬಳೆ) ಸವೆಯುತ್ತಿದೆ.

ಗ್ರೀಸ್ ತೆಳ್ಳಗಾಗಿ ಗೇರ್ ಆಯಿಲ್ ವಾಸನೆ ಬರುತ್ತಿದ್ದರೆ ತೊಂದರೆ ಹಬ್‌ನಲ್ಲಿಲ್ಲ. ಆಕ್ಸಲ್ ಒಳಗಿನ ಸೀಲ್ ಹೋಗಿ ಡಿಫರೆನ್ಶಿಯಲ್ಲಿನ ಎಣ್ಣೆ ನಕಲ್ (ಆಕ್ಸಲ್ ತುದಿಯಲ್ಲಿ ಚಕ್ರ ಹೊರಳುವ ಗಂಟು) ದಾಟಿ ಇಲ್ಲಿಗೆ ಬಂದಿದೆ. ಆ ಸೀಲ್ ಹಾಕದೆ ಎಷ್ಟು ಒಳ್ಳೆ ಗ್ರೀಸ್ ತುಂಬಿದರೂ ತಿಂಗಳೊಪ್ಪತ್ತಿನಲ್ಲಿ ಅದನ್ನೂ ತೊಳೆದು ಬ್ರೇಕ್ ಶೂ ಮೇಲೆ ಸುರಿಯುತ್ತದೆ.

## ಹಂತ 4: ತೊಳೆಯುವುದು

ಆಯಿಲ್ ಸೀಲ್ ಎಬ್ಬಿಸಿದರೆ ಒಳ ಬೇರಿಂಗ್ ಕೈಗೆ ಬರುತ್ತದೆ. ಸೀಲ್ ಹೇಗೂ ಹೊಸದು ಹಾಕುವುದರಿಂದ ಹಳೆಯದು ಹಾಳಾದರೂ ಚಿಂತೆಯಿಲ್ಲ, ಹಬ್ ಒಳಮೈಗೆ ಗೀರು ಬೀಳಬಾರದು ಅಷ್ಟೆ.

ಒಳ, ಹೊರ, ಎಡ, ಬಲ ಬೇರಿಂಗುಗಳು ಅದಲುಬದಲಾಗದಂತೆ ಬೇರೆ ಬೇರೆ ಡಬ್ಬಿಯಲ್ಲಿಡಿ. ಪ್ರತಿ ಬೇರಿಂಗ್ ತನ್ನ ಕಪ್ಪಿಗೆ ಹೊಂದಿಕೊಂಡು ಸವೆದಿರುತ್ತದೆ. ಬೇರೆ ಕಪ್ಪಿನಲ್ಲಿ ಕೂರಿಸಿದರೆ ಹೊಸದಾಗಿ ಉಜ್ಜಲು ಶುರು ಮಾಡುತ್ತದೆ.

ಮೊದಲ ಡಬ್ಬಿಯ ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ಉಜ್ಜಿ ತೊಳೆಯಿರಿ, ಎರಡನೆಯದರಲ್ಲಿ ಜಾಲಾಡಿ. ರೋಲರ್ ಮೇಲೆ ಮಾತ್ರವಲ್ಲ, ಕೇಜ್ (ರೋಲರುಗಳನ್ನು ಅಂತರದಲ್ಲಿ ಹಿಡಿದಿಡುವ ಚೌಕಟ್ಟು) ಹಿಂದೆ, ರೋಲರಿನ ದಪ್ಪ ತುದಿ ಒರಗುವ ಅಂಚಿನಲ್ಲಿ ಗಟ್ಟಿಯಾದ ಹಳೆ ಗ್ರೀಸ್ ಕೂತಿರುತ್ತದೆ. ಬೇರಿಂಗನ್ನು ಬೆಳಕಿಗೆ ಹಿಡಿದರೆ ರೋಲರುಗಳ ನಡುವಿನ ಸಂದಿಯಲ್ಲಿ ಬೆಳಕು ಕಾಣಬೇಕು, ಕಾಣದಿದ್ದರೆ ಇನ್ನೂ ತೊಳೆಯಬೇಕು. ಹಬ್ ಒಳಗಿನ ಪೊಳ್ಳು, ಎರಡು ಕಪ್, ಸ್ಪಿಂಡಲ್ (ಹಬ್ ಕೂತು ತಿರುಗುವ ಗಟ್ಟಿ ಕೊಳವೆ) ಎಲ್ಲವೂ ಇಷ್ಟೇ ಶುದ್ಧವಾಗಬೇಕು.

ಕಂಪ್ರೆಸರ್ ಗಾಳಿ ಹಾಯಿಸಿ ಬೇರಿಂಗನ್ನು ಗಿರಗಿರ ತಿರುಗಿಸುವುದು ಗ್ಯಾರೇಜ್ ಹುಡುಗರಿಗೆ ಇಷ್ಟದ ಆಟ. ಎಣ್ಣೆಯಿಲ್ಲದ ರೋಲರ್ ಆ ವೇಗದಲ್ಲಿ ಗೀರುತ್ತದೆ, ಕೇಜ್ ಬಿಟ್ಟು ಸಿಡಿದರೆ ಕಣ್ಣಿಗೇ ಅಪಾಯ. ಬಟ್ಟೆ ಮೇಲಿಟ್ಟು ಆರಲು ಬಿಡಿ. ಸೀಮೆಎಣ್ಣೆಯ ಪಸೆ ಉಳಿದರೆ ಹೊಸ ಗ್ರೀಸ್ ಲೋಹಕ್ಕೆ ಹಿಡಿಯುವುದಿಲ್ಲ.

## ಹಂತ 5: ಪರೀಕ್ಷೆ, ಬೇಕಿದ್ದರೆ ಕಪ್ ಬದಲಾವಣೆ

ರೋಲರ್ ಮತ್ತು ಕಪ್ಪಿನ ಮೇಲೆ ಉಗುರು ಎಳೆಯಿರಿ. ಉಗುರು ತಡೆದು ನಿಂತರೆ ಬೇರಿಂಗ್ ಬದಲಿಸಬೇಕು. ಸಿಪ್ಪೆ ಎದ್ದ ಚುಕ್ಕೆ, ಗುಳಿ ಬಿದ್ದ ತುಕ್ಕು, ರೋಲರ್ ಅಂತರಕ್ಕೆ ಸರಿಯಾಗಿ ಕಪ್ಪಿನಲ್ಲಿ ಬಿದ್ದ ಸಾಲು ಗುರುತು, ನೀಲಿ ತಿರುಗಿದ ಬಣ್ಣ, ಬಾಗಿದ ಕೇಜ್, ಇವುಗಳಲ್ಲಿ ಒಂದು ಕಂಡರೂ ಮತ್ತೆ ಹಾಕಬೇಡಿ. ನೀಲಿ ಬಣ್ಣವೆಂದರೆ ಉಕ್ಕು ಅತಿಯಾಗಿ ಕಾದು ಗಟ್ಟಿತನ ಕಳೆದುಕೊಂಡಿದೆ ಎಂದರ್ಥ. ಬರೀ ಬೂದು ಬಣ್ಣ ತಿರುಗಿದ್ದು ಮೈ ನುಣುಪಾಗಿದ್ದರೆ ಬಳಸಬಹುದು.

ಬದಲಿಸುವುದಾದರೆ ಬೇರಿಂಗ್ ಮತ್ತು ಕಪ್ ಜೊತೆಯಾಗಿಯೇ. ಹಳೆಯದರ ಮೇಲೆ ಅಚ್ಚಾದ ನಂಬರ್ ಬರೆದುಕೊಂಡು, ಸಾಧ್ಯವಾದರೆ ಹಳೆಯದನ್ನೇ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಿ. ಬೆಂಗಳೂರಿನವರಿಗೆ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆ ಗೊತ್ತೇ ಇದೆ. ಹೆಸರಾಂತ ಕಂಪನಿಗಳ ನಕಲಿ ಮಾಲು ಮಾರುಕಟ್ಟೆಯಲ್ಲಿದೆ. ಮಸುಕಾದ ಅಚ್ಚು, ಡಬ್ಬಿಯ ಮೇಲೊಂದು ಬೇರಿಂಗ್ ಮೇಲೊಂದು ನಂಬರ್, ನಂಬಲಾರದಷ್ಟು ಕಡಿಮೆ ಬೆಲೆ ಇದ್ದರೆ ವಾಪಸ್ ಕೊಡಿ. ಬಿಲ್ ಕೇಳಿ ಪಡೆಯಿರಿ.

ಹಳೆ ಕಪ್ಪನ್ನು ಹಬ್‌ನ ಎದುರು ಬದಿಯಿಂದ ಸರಳು ಹಾಕಿ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಸಮನಾಗಿ ತಟ್ಟಿ ಹೊರಡಿಸಿ. ಹೊಸ ಕಪ್ಪನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟರೆ ತುಸು ಕುಗ್ಗಿ ಸುಲಭವಾಗಿ ಕೂರುತ್ತದೆ. ತಟ್ಟುವಾಗ ಸದ್ದಿಗೆ ಕಿವಿ ಕೊಡಿ. ಕಪ್ ಇಳಿಯುತ್ತಿರುವಾಗ 'ದಡ್ ದಡ್' ಎಂಬ ಮಂದ ಸದ್ದು, ತಳ ಮುಟ್ಟಿದ ಕ್ಷಣ ಅದು 'ಠಣ್' ಎಂದು ಬದಲಾಗುತ್ತದೆ. ಸುತ್ತಲೂ ಎಲ್ಲಿ ತಟ್ಟಿದರೂ ಅದೇ ಸದ್ದು ಬರಬೇಕು. ಒಂದು ಕಡೆ ಮಂದವಾಗಿದ್ದರೆ ಅಲ್ಲಿ ಪೂರ್ತಿ ಕೂತಿಲ್ಲ, ಹಾಗೇ ಬಿಟ್ಟರೆ ನಟ್ಟಿನ ಹೊಂದಾಣಿಕೆ ಎಂದಿಗೂ ನಿಲ್ಲುವುದಿಲ್ಲ.

## ಹಂತ 6: ಗ್ರೀಸ್ ತುಂಬುವುದು

ಕೈ ತೊಳೆದುಕೊಳ್ಳಿ. ಎಡ ಅಂಗೈಯಲ್ಲಿ ನಿಂಬೆಹಣ್ಣಿನ ಗಾತ್ರದ ಗ್ರೀಸ್ ಇಟ್ಟುಕೊಳ್ಳಿ. ಬಲಗೈಯಲ್ಲಿ ಬೇರಿಂಗ್ ಹಿಡಿದು, ಅದರ ಅಗಲ ತುದಿಯನ್ನು ಕೆಳಗೆ ಮಾಡಿ, ಅಂಗೈ ಅಂಚಿಗೆ ಒತ್ತಿ ನಿಮ್ಮ ಕಡೆಗೆ ಎಳೆಯಿರಿ. ಕೇಜ್ ಮತ್ತು ಒಳ ಬಳೆಯ ನಡುವಿನ ಸಂದಿಯೊಳಗೆ ಗ್ರೀಸ್ ಹೋಗಬೇಕು. ಅದೇ ಜಾಗದಲ್ಲಿ ಒತ್ತುತ್ತಾ ಇದ್ದರೆ ಸ್ವಲ್ಪ ಹೊತ್ತಿಗೆ ಮೇಲಿನ ಕಿರಿದಾದ ತುದಿಯಲ್ಲಿ, ರೋಲರುಗಳ ನಡುವಿನಿಂದ, ಗ್ರೀಸ್ ಸಣ್ಣ ಎಳೆಗಳಾಗಿ ಹೊರಬರುತ್ತದೆ. ಅದು ಕಂಡ ಮೇಲಷ್ಟೇ ಒಂದೆರಡು ರೋಲರಿನಷ್ಟು ಮುಂದಕ್ಕೆ ತಿರುಗಿಸಿ. ಪೂರ್ತಿ ಸುತ್ತು ಹೀಗೆ ಮಾಡಿ. ಬೆರಳಲ್ಲಿ ಮೇಲೆ ಸವರಿದ ಬೇರಿಂಗ್ ನೋಡಲು ತುಂಬಿದಂತೆಯೇ ಕಾಣುತ್ತದೆ, ಒಳಗೆ ಮಾತ್ರ ಬರೀ ಗಾಳಿ.

ಹಬ್‌ನ ಪೊಳ್ಳಿನಲ್ಲಿ ಗ್ರೀಸನ್ನು ಗೋಡೆಗೆ ಬಳಿಯಿರಿ, ಕಪ್ಪುಗಳ ಒಳ ಅಂಚಿನ ಮಟ್ಟಕ್ಕೆ ಬಂದರೆ ಸಾಕು. ಬಿಸಿಯಾದಾಗ ಬೇರಿಂಗಿನ ಗ್ರೀಸ್ ಹೊರಹರಿಯದಂತೆ ಅದು ಕಟ್ಟೆಯಾಗಿ ನಿಲ್ಲುತ್ತದೆ. ಪೂರ್ತಿ ತುಂಬಿಸಿದರೆ ಗ್ರೀಸ್ ಕಡೆದಂತಾಗಿ ಕಾಯುತ್ತದೆ, ಹಿಗ್ಗಿ ಸೀಲನ್ನು ತಳ್ಳಿಕೊಂಡು ಬ್ರೇಕ್ ಶೂ ಮೇಲೆ ಬೀಳುತ್ತದೆ. ಗ್ರೀಸ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಬಿಸಿಯಾದಾಗ ಒಳಗಿನ ಗ್ರೀಸ್ ಮತ್ತೆ ಮೇಲೆ ಬರುತ್ತದೆ, ಘಟ್ಟದಲ್ಲಿ ಬ್ರೇಕ್ ಒಂದೇ ಕಡೆ ಎಳೆಯುತ್ತದೆ.

ಒಳ ಬೇರಿಂಗ್ ಇಟ್ಟು, ಹೊಸ ಸೀಲಿನ ತುಟಿ ಒಳಮುಖವಾಗಿ, ಅಂದರೆ ಸ್ಪ್ರಿಂಗ್ ಕಾಣುವ ಬದಿ ಬೇರಿಂಗ್ ಕಡೆಗೆ ಇರುವಂತೆ, ಸಪಾಟಾದ ಮರದ ತುಂಡು ಇಟ್ಟು ಸಮನಾಗಿ ತಟ್ಟಿ. ತುಟಿಗೆ ಗ್ರೀಸ್ ಸವರಿ. ಸೀಲ್ ಓಡಾಡುವ ಸ್ಪಿಂಡಲ್ ಜಾಗದಲ್ಲಿ ತೋಡು ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ, ಅದನ್ನು ಲೇತ್ ಕೆಲಸದವರಿಗೆ ತೋರಿಸಿ.

## ಹಂತ 7: ನಟ್ಟು ಕೂರಿಸುವುದು

ಡ್ರಮ್ ಒಳಮೈ ಒರೆಸಿ, ಹಬ್ಬನ್ನು ನೇರವಾಗಿ ಒಳಗೆ ಹಾಕಿ, ಸೀಲಿನ ತುಟಿ ಸ್ಪಿಂಡಲ್ಲಿನ ತಿರುಪು ಮರೆಗೆ ಉಜ್ಜಬಾರದು. ಹೊರ ಬೇರಿಂಗ್ ಹಾಕಿ ಒಳ ನಟ್ಟನ್ನು ಕೈಯಲ್ಲೇ ತಿರುಗಿಸಿ ಹಿಡಿಸಿ. ಚಕ್ರವನ್ನು ಎರಡು ನಟ್ಟಿನಲ್ಲಿ ತಾತ್ಕಾಲಿಕವಾಗಿ ಸಿಕ್ಕಿಸಿದರೆ ಬಿಗಿ ಸಡಿಲ ಚೆನ್ನಾಗಿ ತಿಳಿಯುತ್ತದೆ. ಫ್ಲ್ಯಾಂಜ್ ಇನ್ನೂ ಹಾಕಬೇಡಿ, ಬ್ರೇಕ್ ಶೂ ತಾಗುತ್ತಿರಬಾರದು.

ಈಗ ಚಕ್ರವನ್ನು ತಿರುಗಿಸುತ್ತಲೇ ನಟ್ಟು ಬಿಗಿಯಿರಿ. ನಿಂತ ಚಕ್ರದ ನಟ್ಟು ಬಿಗಿದರೆ ರೋಲರುಗಳು ಓರೆಯಾಗಿಯೇ ಸಿಕ್ಕಿಕೊಳ್ಳುತ್ತವೆ, ಹತ್ತು ಕಿಲೋಮೀಟರ್ ಓಡಿದ ಮೇಲೆ ಜಾಗಕ್ಕೆ ಕೂತು ಸಡಿಲವಾಗುತ್ತವೆ. ಚಕ್ರ ತಿರುಗಲು ಹಿಡಿದಂತಾಗುವವರೆಗೆ ಬಿಗಿದು, ನಂತರ ನಟ್ಟನ್ನು ಸುತ್ತಿನ ಆರನೇ ಒಂದು ಭಾಗ ಹಿಂದಕ್ಕೆ ತಿರುಗಿಸಿ. ಆರು ಮೂಲೆಯ ನಟ್ಟಿನಲ್ಲಿ ಅದು ಒಂದು ಮುಖದಷ್ಟು. ಚಕ್ರ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಇದೆಯೋ ಇಲ್ಲವೋ ಎನ್ನುವಷ್ಟೇ ಸಡಿಲ ಸಿಗಬೇಕು. ಡಯಲ್ ಗೇಜ್ ಇದ್ದವರಿಗೆ: ಟೇಪರ್ ಬೇರಿಂಗ್ ಹಬ್‌ಗೆ ಸಾಮಾನ್ಯವಾಗಿ 0.025ರಿಂದ 0.125 ಮಿ.ಮೀ. ಸಡಿಲ ಇರಬೇಕು.

ಲಾಕ್ ವಾಷರ್ ಹಾಕಿ ಹೊರ ನಟ್ಟು ಬಿಗಿದ ಮೇಲೆ ಮತ್ತೆ ಪರೀಕ್ಷಿಸಿ. ತುಂಬ ಜನ ಸೋಲುವುದು ಇಲ್ಲೇ. ಹೊರ ನಟ್ಟು ಬಿಗಿದಾಗ ಒಳ ನಟ್ಟಿನ ತಿರುಪು ಮರೆಯಲ್ಲಿದ್ದ ಸಡಿಲ ಮುಚ್ಚಿ, ಅದು ಬೇರಿಂಗ್ ಮೇಲೆ ತುಸು ಒತ್ತುತ್ತದೆ. ಮೊದಲು ಸರಿಯಿದ್ದದ್ದು ಈಗ ಬಿಗಿಯಾಗಿರುತ್ತದೆ. ಹಾಗಾದರೆ ಎರಡೂ ಬಿಚ್ಚಿ, ಒಳ ನಟ್ಟನ್ನು ಕೂದಲೆಳೆಯಷ್ಟು ಸಡಿಲಿಸಿ ಮತ್ತೆ ಬಿಗಿಯಿರಿ. ಸರಿಯೆನಿಸುವವರೆಗೆ ಮಾಡಿ, ಬೇಸರ ಬೇಡ. ಕೊನೆಗೆ ವಾಷರಿನ ಅಂಚನ್ನು ಹೊರ ನಟ್ಟಿನ ಚಪ್ಪಟೆ ಮುಖದ ಮೇಲೆ ಮಡಚಿ.

ಸ್ಪ್ಲಿಟ್ ಪಿನ್ ಇರುವ ಹಳೆ ಕಾರುಗಳಲ್ಲಿ ಚಕ್ರ ತಿರುಗಿಸುತ್ತಾ ನಟ್ಟು ಬಿಗಿದು, ಪೂರ್ತಿ ಸಡಿಲಿಸಿ, ಬರಿಗೈಯಲ್ಲಿ ತಾಗುವಷ್ಟು ಮತ್ತೆ ತಿರುಗಿಸಬೇಕು. ಪಿನ್ನಿನ ತೂತು ಎದುರಾಗದಿದ್ದರೆ ಹತ್ತಿರದ ತೂತಿಗೆ ಸಡಿಲಿಸಿ, ತೂತಿಗೋಸ್ಕರ ಬಿಗಿಯಬಾರದು. ಹಳೆ ಪಿನ್ ಮತ್ತೆ ಬಳಸಬೇಡಿ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಬೇರೆ ಅಳತೆ ಹೇಳಿದ್ದರೆ ಅದೇ ಅಂತಿಮ.

ತುಸು ಸಡಿಲ ಬೇರಿಂಗ್ ಸದ್ದು ಮಾಡಿ ತಿಳಿಸುತ್ತದೆ. ತುಸು ಬಿಗಿ ಬೇರಿಂಗ್ ತೆಪ್ಪಗೆ ಕಾದು ದಾರಿಯಲ್ಲಿ ಜಾಮ್ ಆಗುತ್ತದೆ. ಅನುಮಾನ ಬಂದರೆ ಸಡಿಲದ ಕಡೆಗೇ ಇರಲಿ.

## ಹಂತ 8: ಮುಚ್ಚಿ ಓಡಿಸಿ ನೋಡುವುದು

ಹೊಸ ಪ್ಯಾಕಿಂಗ್, ಇದ್ದ ಶಿಮ್, ಫ್ಲ್ಯಾಂಜ್, ಸ್ಪ್ರಿಂಗ್ ವಾಷರ್ ಸಮೇತ ಆರು ಬೋಲ್ಟು ಎದುರುಬದುರು ಬಿಗಿಯಿರಿ. ಸರ್ಕ್ಲಿಪ್ ತನ್ನ ತೋಡಿನಲ್ಲಿ ಪೂರ್ತಿ ಕೂತಿದೆಯೇ ನೋಡಿ, ಮುಚ್ಚಳ ಹಾಕಿ. ಬ್ರೇಕ್ ಅಡ್ಜಸ್ಟ್ ಮಾಡಿ, ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ.

ಸಮತಟ್ಟು ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿ, ಆದಷ್ಟು ಬ್ರೇಕ್ ಬಳಸದೆ ನಿಲ್ಲಿಸಿ. ಮೊದಲು ಕೈಯನ್ನು ಹಬ್ ಹತ್ತಿರ ಹಿಡಿದು ಬಿಸಿ ಅಂದಾಜು ಮಾಡಿ, ಆಮೇಲೆ ಹಿಂಗೈಯಲ್ಲಿ ಮುಟ್ಟಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಿದ್ದರೆ ನಟ್ಟು ಬಿಗಿಯಾಗಿದೆ, ಅಂದೇ ಸಡಿಲಿಸಿ. ಹೊಸ ಕಪ್ ಹಾಕಿದ್ದರೆ 200 ಕಿ.ಮೀ. ಆದ ಮೇಲೆ ಜಾಕ್ ಹಾಕಿ ಅಲುಗಾಟ ಮತ್ತೊಮ್ಮೆ ನೋಡಿ.

## ದಾರಿಯಲ್ಲಿ ಹಬ್ ಕಾದರೆ

ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಸುಟ್ಟ ಗ್ರೀಸಿನ ವಾಸನೆ ಬಂದರೆ ಮೊದಲ ಅಗಲ ಜಾಗದಲ್ಲೇ ನಿಲ್ಲಿಸಿ. ಹಬ್ ಮೇಲೆ ನೀರು ಸುರಿಯಬೇಡಿ, ಕಾದ ಡ್ರಮ್ ಬಿರುಕು ಬಿಡಬಹುದು, ನೀರೂ ಒಳಗೆ ಹೋಗುತ್ತದೆ. ಎರಡೂ ಮುಂಚಕ್ರ ಸಮನಾಗಿ ಬಿಸಿಯಿದ್ದರೆ ಅದು ಇಳಿಜಾರಿನ ಬ್ರೇಕ್ ಬಿಸಿ: ಆರಲು ಬಿಟ್ಟು, ಕೆಳ ಗೇರಿನಲ್ಲಿ ಇಳಿಯಿರಿ. ಒಂದೇ ಕಡೆ ಬಿಸಿಯಿದ್ದರೆ ಆರಿದ ಮೇಲೆ ಜಾಕ್ ಎತ್ತಿ ಚಕ್ರ ಕೈಯಲ್ಲಿ ತಿರುಗಿಸಿ. ಗರಗರ ಎಂದರೆ ಅಥವಾ ಜೋರಾಗಿ ಅಲುಗಾಡಿದರೆ ಮುಂದೆ ಓಡಿಸಬೇಡಿ, ಗಾಡಿ ಎತ್ತಿಸಿಕೊಂಡು ಹೋಗಿ. ಆ ಹಂತದಲ್ಲಿ ಸ್ಪಿಂಡಲ್ಲೇ ಸವೆಯಲು ಶುರುವಾಗಿರುತ್ತದೆ, ಇನ್ನಷ್ಟು ಓಡಿಸಿದರೆ ಚಕ್ರವೇ ಕಳಚಿಕೊಳ್ಳಬಹುದು.